ಸಹಿ ಹಾಕುವಾಗಲೇ ಬೀಳುತ್ತಿದ್ದ ಆ್ಯಪ್: ಒಂದು ಮೆಮೊರಿ ಲೀಕ್ ಪ್ರಕರಣ

ಅಮೆರಿಕದ ಸ್ಕ್ವೇರ್ ಕಂಪನಿ ಅಂಗಡಿಯವರಿಗಾಗಿ ಒಂದು ಆ್ಯಪ್ ಮಾಡಿತ್ತು. ಫೋನಿಗೋ ಟ್ಯಾಬ್ಲೆಟ್ಟಿಗೋ ಪುಟ್ಟ ಕಾರ್ಡ್ ರೀಡರ್ ಸಿಕ್ಕಿಸಿಕೊಂಡರೆ ಸಾಕು, ರಸ್ತೆ ಬದಿ ಕಾಫಿ ಮಾರುವವರೂ ಕಾರ್ಡಿನಲ್ಲಿ ದುಡ್ಡು ತಗೊಳ್ಳಬಹುದು. ನಮ್ಮಲ್ಲಿ ಕಾರ್ಡ್ ಉಜ್ಜಿದ ಮೇಲೆ ಪಿನ್ ಒತ್ತುತ್ತೇವೆ. ಅಲ್ಲಿ ಆಗ ಗಿರಾಕಿ ಸ್ಕ್ರೀನ್ ಮೇಲೆ ಬೆರಳಿನಿಂದ ಸಹಿ ಗೀಚುತ್ತಿದ್ದ. ದೊಡ್ಡ ಕಾರ್ಡ್ ಸಂಸ್ಥೆಗಳು ಈ ಸಹಿ ಬೇಕೇ ಬೇಕು ಅನ್ನುವುದನ್ನು ಬಿಟ್ಟದ್ದು 2018ರಲ್ಲಿ. ನಮ್ಮ ಪ್ರಕರಣ ಅದಕ್ಕೂ ಹಿಂದಿನದು.

ಆ ಆ್ಯಪ್‌ನ ಆ್ಯಂಡ್ರಾಯ್ಡ್ ಆವೃತ್ತಿ ಸರಿಯಾಗಿ ಸಹಿಯ ಸ್ಕ್ರೀನ್ ತೆರೆಯುವಾಗಲೇ ಕ್ರ್ಯಾಶ್ ಆಗುತ್ತಿತ್ತು. ಒಮ್ಮೆ ಇಮ್ಮೆ ಅಲ್ಲ, ಗಣನೀಯ ಸಂಖ್ಯೆಯಲ್ಲಿ. ಗಿರಾಕಿ ಮುಂದೆ ನಿಂತಿದ್ದಾನೆ, ಕಾರ್ಡ್ ಉಜ್ಜಿ ಆಗಿದೆ, ಸಹಿ ಹಾಕಲು ಬೆರಳು ಎತ್ತಿದ್ದಾನೆ, ಆ್ಯಪ್ ಮಾಯ. ಆ್ಯಪ್ ಬೀಳುವುದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಹುಡುಕಿದರೂ ಸಿಗುವುದಿಲ್ಲ.

ಕ್ರ್ಯಾಶ್ ರಿಪೋರ್ಟ್‌ನಲ್ಲಿ ಬರುತ್ತಿದ್ದ ಹೆಸರು ಔಟ್‌ಆಫ್‌ಮೆಮೊರಿಎರರ್. ಅಂದರೆ ಮೆಮೊರಿಯಲ್ಲಿ ಜಾಗ ಇಲ್ಲ ಅಂತ. ಕೋಡ್‌ನಲ್ಲಿ ಬೀಳುತ್ತಿದ್ದ ಸಾಲು, ಬಿಟ್‌ಮ್ಯಾಪ್ (ಚಿತ್ರವನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ಮೆಮೊರಿಯಲ್ಲಿ ಇಡುವ ರೂಪ) ಸೃಷ್ಟಿಸುವ ಸಾಲು. ಗೀಚಿದ ಸಹಿಯನ್ನು ಇಟ್ಟುಕೊಳ್ಳಲು ಆ್ಯಪ್ ಇಡೀ ಸ್ಕ್ರೀನಿನ ಅಳತೆಯ ಒಂದು ಬಿಟ್‌ಮ್ಯಾಪ್ ಕೇಳುತ್ತಿತ್ತು. ಲೆಕ್ಕ ಹಾಕಿ ನೋಡಿ. 1920 × 1080 ಸ್ಕ್ರೀನ್ ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್. ಮಾಮೂಲಿ ಬಣ್ಣದ ಬಿಟ್‌ಮ್ಯಾಪ್‌ನಲ್ಲಿ ಪಿಕ್ಸೆಲ್‌ಗೆ 4 ಬೈಟ್. ಒಟ್ಟು 8 ಎಂಬಿಗೂ ಸ್ವಲ್ಪ ಜಾಸ್ತಿ. ಇವತ್ತು ಇದು ಏನೇನೂ ಅಲ್ಲ. ಆದರೆ ಆ ಕಾಲದ ಆ್ಯಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಜಾವಾ ಹೀಪ್‌ನ (ಆ್ಯಪ್ ತನ್ನ ಆಬ್ಜೆಕ್ಟ್‌ಗಳನ್ನು, ಅಂದರೆ ಡೇಟಾ ತುಣುಕುಗಳನ್ನು, ಇಡುವ ಮೆಮೊರಿಯ) ಮಿತಿ ಬಿಗಿಯಾಗಿತ್ತು. ಮೊದಲ ಆ್ಯಂಡ್ರಾಯ್ಡ್ ಫೋನ್ ಜಿ1ರಲ್ಲಿ ಅದು 16 ಎಂಬಿ, 2011ರ ಜೂಮ್ ಟ್ಯಾಬ್ಲೆಟ್‌ನಲ್ಲಿ 48 ಎಂಬಿ. ಮೇಲಾಗಿ ಆ್ಯಂಡ್ರಾಯ್ಡ್ 3.0ರಿಂದ 7.1ರ ತನಕ ಬಿಟ್‌ಮ್ಯಾಪ್‌ನ ಪಿಕ್ಸೆಲ್‌ಗಳು ಕೂರುತ್ತಿದ್ದದ್ದು ಇದೇ ಹೀಪ್‌ನಲ್ಲಿ. ಹಾಗಾಗಿ ದೊಡ್ಡ ಬಿಟ್‌ಮ್ಯಾಪ್ ಮೇಲೆ ಅನುಮಾನ ಬಂದದ್ದು ಸಹಜವೇ.

ತಂಡದವರು ಮೊದಲು ಕೊಟ್ಟ ಮದ್ದು ಎರಡು. ಮೊದಲನೆಯದು, ಬಿಟ್‌ಮ್ಯಾಪ್ ಸಣ್ಣದು ಮಾಡುವುದು. ಸಹಿಗೆ ಬಣ್ಣ ಯಾಕೆ ಬೇಕು? ಪಿಕ್ಸೆಲ್‌ಗೆ ಒಂದೇ ಬೈಟ್ ಸಾಕಾಗುವ ಆಲ್ಫಾ 8 ಬಗೆಯ ಬಿಟ್‌ಮ್ಯಾಪ್ ಬಳಸಿದರು. 8 ಎಂಬಿ ಇದ್ದದ್ದು 2 ಎಂಬಿಗೆ ಇಳಿಯಿತು. ಕ್ರ್ಯಾಶ್ ನಿಲ್ಲಲಿಲ್ಲ. ಎರಡನೆಯದು, ಎರರ್ ಬಂದರೆ ಅದನ್ನು ಹಿಡಿದು, ಗಾರ್ಬೇಜ್ ಕಲೆಕ್ಟರ್ (ಬಳಕೆಯಲ್ಲಿಲ್ಲದ ಮೆಮೊರಿಯನ್ನು ಗುಡಿಸುವ ವ್ಯವಸ್ಥೆ) ಓಡಿಸಿ, ಮತ್ತೆ ಕೆಲವು ಸಲ ಪ್ರಯತ್ನಿಸುವುದು. ಅದೂ ಕೆಲಸಕ್ಕೆ ಬರಲಿಲ್ಲ. ಯಾಕೆ ಅಂತ ಯೋಚಿಸಿದರೆ ಗೊತ್ತಾಗುತ್ತದೆ. ಮೆಮೊರಿ ಇಲ್ಲ ಎಂದು ಕೈಚೆಲ್ಲುವ ಮೊದಲೇ ರನ್‌ಟೈಮ್ (ಆ್ಯಪ್‌ನ ಕೋಡ್ ಓಡಿಸುವ ಯಂತ್ರ) ತಾನಾಗಿಯೇ ಎಲ್ಲ ಗುಡಿಸಿ ನೋಡಿರುತ್ತದೆ. ಅದಾದ ಮೇಲೂ ಜಾಗ ಸಿಗದಿದ್ದಾಗಲೇ ಎರರ್ ಎಸೆಯುವುದು. ನಾವು ಮತ್ತೊಮ್ಮೆ ಪೊರಕೆ ಹಿಡಿದರೆ ಹೊಸದೇನು ಸಿಗಬೇಕು?

ಈ ಎರಡು ಮದ್ದನ್ನು ಇವತ್ತಿಗೂ ಬಹಳ ಮಂದಿ ಕೊಡುತ್ತಾರೆ. ಮೂರನೆಯದೂ ಒಂದಿದೆ: ಆ್ಯಪ್‌ನ ವಿವರಗಳಿರುವ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಲಾರ್ಜ್‌ಹೀಪ್ ಅಂತ ಒಂದು ಸಾಲು ಸೇರಿಸಿ ಮಿತಿಯನ್ನೇ ಏರಿಸಿಬಿಡುವುದು. ನನ್ನ ಮಟ್ಟಿಗೆ ಅದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ ಕೆಲಸ. ಬೆಳಗ್ಗೆ ಹತ್ತಕ್ಕೆ ಬೀಳುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ ಬೀಳುತ್ತದೆ, ಅಷ್ಟೇ.

ತಿರುವು ಸಿಕ್ಕಿದ್ದು ಪ್ರಶ್ನೆ ಬದಲಾದಾಗ. ಬಿಟ್‌ಮ್ಯಾಪ್ ಇಷ್ಟು ದೊಡ್ಡದು ಯಾಕೆ ಅಂತ ಕೇಳುವುದನ್ನು ಬಿಟ್ಟು, ಅದು ಬಂದಾಗ ಹೀಪ್ ಯಾಕೆ ತುಂಬಿತ್ತು ಅಂತ ಕೇಳಿದರು. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಬೈಯುವುದು ಫುಟ್‌ಬೋರ್ಡ್ ಮೇಲೆ ಕೊನೆಗೆ ಹತ್ತಿದವನನ್ನು. ಮೂರು ಸ್ಟಾಪ್ ಹಿಂದೆಯೇ ಇಳಿಯಬೇಕಿದ್ದವರು ಕಿಟಕಿ ಪಕ್ಕ ಹಾಯಾಗಿ ಕೂತಿರುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ. ಹೀಪ್ ತುಂಬಿದ್ದಾಗ ಎರರ್ ಎಲ್ಲಿ ಬೇಕಾದರೂ ಬರಬಹುದು. ದೊಡ್ಡ ಜಾಗ ಕೇಳುವ ಸಾಲಿನಲ್ಲಿ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಬಿಟ್‌ಮ್ಯಾಪ್ ಸಿಕ್ಕಿಬಿತ್ತು. ಇನ್ನೊಂದು ತೊಡಕೂ ಇದೆ. ಕ್ರ್ಯಾಶ್ ರಿಪೋರ್ಟ್ ಸಾಧನಗಳು ಸಾಮಾನ್ಯವಾಗಿ ಬಿದ್ದ ಜಾಗ ನೋಡಿ ಗುಂಪು ಮಾಡುತ್ತವೆ. ಹೀಪ್ ತುಂಬಿ ಬೀಳುವ ಕ್ರ್ಯಾಶ್‌ಗಳು ನಾನಾ ಸಾಲುಗಳಲ್ಲಿ ಹಂಚಿಹೋಗುವುದರಿಂದ ಒಂದೊಂದು ಗುಂಪೂ ಸಣ್ಣದಾಗಿ ಕಾಣುತ್ತದೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಔಟ್‌ಆಫ್‌ಮೆಮೊರಿಎರರ್‌ಗಳನ್ನು ಮಾತ್ರ ಯಾವ ಸಾಲು ಅಂತ ನೋಡದೆ ಒಟ್ಟಿಗೆ ಎಣಿಸಬೇಕು. ಆಗ ನಿಜವಾದ ಗಾತ್ರ ಗೊತ್ತಾಗುತ್ತದೆ.

ಇಳಿಯದೆ ಕೂತವರು ಯಾರು

ಜಾವಾ, ಕೋಟ್ಲಿನ್‌ನಲ್ಲಿ ಮೆಮೊರಿಯನ್ನು ನಾವು ಕೈಯಾರೆ ಬಿಡುಗಡೆ ಮಾಡುವುದಿಲ್ಲ. ಗಾರ್ಬೇಜ್ ಕಲೆಕ್ಟರ್ ಕೆಲವು ಬೇರುಗಳಿಂದ ಶುರು ಮಾಡುತ್ತದೆ: ಓಡುತ್ತಿರುವ ಥ್ರೆಡ್‌ಗಳು (ಒಟ್ಟೊಟ್ಟಿಗೆ ನಡೆಯುವ ಕೆಲಸದ ಸರಣಿಗಳು), ಅವುಗಳ ಲೋಕಲ್ ವೇರಿಯೇಬಲ್‌ಗಳು, ಸ್ಟ್ಯಾಟಿಕ್ ಫೀಲ್ಡ್‌ಗಳು, ಇಂಥವು. ಅಲ್ಲಿಂದ ರೆಫರೆನ್ಸ್ (ಒಂದು ಆಬ್ಜೆಕ್ಟ್‌ನತ್ತ ತೋರಿಸುವ ಕೊಂಡಿ) ಹಿಡಿದು ಹಿಡಿದು ಹೋಗುತ್ತದೆ. ತಲುಪಿದ್ದೆಲ್ಲ ಬದುಕಿದೆ, ತಲುಪದ್ದು ಕಸ. ನಮಗೆ ಅದರಿಂದ ಇನ್ನೇನೂ ಕೆಲಸವಿಲ್ಲ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಎಲ್ಲೋ ಒಂದು ರೆಫರೆನ್ಸ್ ಉಳಿದಿದ್ದರೆ ಸಾಕು, ಆ ಆಬ್ಜೆಕ್ಟ್ ಮುಟ್ಟುವುದಿಲ್ಲ. ಲೀಕ್ ಅಂದರೆ ಇದೇ. ಐಫೋನ್ ಕಡೆ ಗಾರ್ಬೇಜ್ ಕಲೆಕ್ಟರ್ ಇಲ್ಲ, ರೆಫರೆನ್ಸ್ ಎಣಿಸುವ ಎಆರ್‌ಸಿ ಇದೆ. ಎರಡು ಆಬ್ಜೆಕ್ಟ್‌ಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡರೆ ಅಲ್ಲಿ ಲೀಕ್. ಅದು ಬೇರೆಯದೇ ಕಥೆ, ಇಲ್ಲಿ ಬೇಡ.

ಆ್ಯಂಡ್ರಾಯ್ಡ್‌ನಲ್ಲಿ ಲೀಕ್ ಆದರೆ ಭಾರ ಬೀಳುವುದು ಆ್ಯಕ್ಟಿವಿಟಿಯದ್ದು, ಅಂದರೆ ಒಂದು ಸ್ಕ್ರೀನನ್ನು ನಡೆಸುವ ಆಬ್ಜೆಕ್ಟ್‌ನದ್ದು. ಒಂದು ಆ್ಯಕ್ಟಿವಿಟಿ ತನ್ನ ಸ್ಕ್ರೀನಿನ ಎಲ್ಲ ವ್ಯೂಗಳನ್ನೂ (ಬಟನ್, ಪಠ್ಯದಂಥ ಭಾಗಗಳನ್ನೂ), ಆ ವ್ಯೂಗಳು ತಮ್ಮ ಚಿತ್ರಗಳನ್ನೂ ಹಿಡಿದಿರುತ್ತವೆ. ಫೋನ್ ಅಡ್ಡ ತಿರುಗಿಸಿದರೂ ಹಳೆಯ ಆ್ಯಕ್ಟಿವಿಟಿ ಹೋಗಿ ಹೊಸದು ಹುಟ್ಟುತ್ತದೆ. ಹಳೆಯದನ್ನು ಯಾರಾದರೂ ಹಿಡಿದುಕೊಂಡಿದ್ದರೆ ಎರಡೂ ಹೀಪ್‌ನಲ್ಲಿ. ಹಿಡಿದವನು ನಾಲ್ಕಾರು ಬೈಟ್‌ನ ಲಿಸನರ್ (ಏನಾದರೂ ನಡೆದಾಗ ಓಡಲು ನೋಂದಾಯಿಸಿದ ಕೋಡ್) ಇರಬಹುದು, ಉಳಿಯುವುದು ಎಂಬಿಗಟ್ಟಲೆ. ಅಂಗಡಿಯ ಆ್ಯಪ್ ಬೇರೆ, ಬೆಳಗ್ಗೆ ತೆರೆದರೆ ರಾತ್ರಿ ಶಟರ್ ಎಳೆಯುವ ತನಕ ಓಡುತ್ತಲೇ ಇರುತ್ತದೆ. ಬಿಲ್ಲಿಗೆ ಸ್ವಲ್ಪ ಸ್ವಲ್ಪ ಸೋರಿದರೂ ಸಾಕು.

ಲಿಸನರ್ ಸೇರಿಸಿ ತೆಗೆಯುವುದನ್ನು ಮರೆಯುವುದು ಮೊಬೈಲ್‌ನವರಿಗೆ ಮಾತ್ರ ಬಂದ ರೋಗವಲ್ಲ. 2005ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ಗ್ರ್ಯಾಂಡ್ ಚಾಲೆಂಜ್ ಸ್ಪರ್ಧೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಚಾಲಕನಿಲ್ಲದ ಗಾಡಿ ಮರುಭೂಮಿಯ ಮಧ್ಯೆ ಸೋತದ್ದೂ ಇದೇ ಕಾರಣಕ್ಕೆ. ದಾಟಿಬಂದ ಅಡೆತಡೆಗಳನ್ನು ಪಟ್ಟಿಯಿಂದ ತೆಗೆಯುತ್ತಿದ್ದರು, ಆದರೆ ಈವೆಂಟ್‌ಗೆ ಮಾಡಿದ ನೋಂದಣಿ ಹಾಗೇ ಉಳಿಯುತ್ತಿತ್ತು. ಗಾಡಿ ದಾಟಿದ ಪೊದೆಗಳನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡೇ ಸಾಗುತ್ತಿತ್ತು.

ಲೀಕ್ ಹುಡುಕುವ ಸಾಧನ ಸ್ಕ್ವೇರ್‌ನವರಿಗೆ ಆಗಲೂ ಇರಲಿಲ್ಲ ಎಂದೇನಲ್ಲ. ಹೀಪ್ ಡಂಪ್ (ಆ ಕ್ಷಣ ಹೀಪ್‌ನಲ್ಲಿದ್ದ ಎಲ್ಲದರ ಪ್ರತಿ) ತೆಗೆದು, ಅದನ್ನು ಬೇರೆ ರೂಪಕ್ಕೆ ಬದಲಿಸಿ, ಎಕ್ಲಿಪ್ಸ್ ಮೆಮೊರಿ ಅನಲೈಜರ್‌ನಲ್ಲಿ ತೆರೆದು, ಸತ್ತಿರಬೇಕಾದ ಆ್ಯಕ್ಟಿವಿಟಿ ಹುಡುಕಿ, ಬೇರಿನ ತನಕದ ದಾರಿ ಬಿಡಿಸಬೇಕಿತ್ತು. ಮಾಡಿದವರಿಗೆ ಗೊತ್ತು ಆ ಗೋಳು. ಮೇಲಾಗಿ ಲೀಕ್ ಇದೆ ಅಂತ ಅನುಮಾನ ಬಂದ ಮೇಲೆ ತಾನೇ ಇಷ್ಟೆಲ್ಲ ಮಾಡುವುದು? ಅಲ್ಲಿನ ಎಂಜಿನಿಯರ್ ಪಿಯರ್-ಈವ್ ರಿಕೋ ಈ ಕೆಲಸವನ್ನು ಆ್ಯಪ್‌ನ ಒಳಗೇ ತಾನಾಗಿ ನಡೆಯುವಂತೆ ಮಾಡಿದರು. 2015ರಲ್ಲಿ ಲೀಕ್‌ಕ್ಯಾನರಿ ಎಂಬ ಹೆಸರಿನಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

ಅದರ ಕೆಲಸದ ರೀತಿ ಬಹಳ ಚೆನ್ನಾಗಿದೆ. ಆ್ಯಕ್ಟಿವಿಟಿ ಮುಗಿದು ಆನ್‌ಡಿಸ್ಟ್ರಾಯ್ (ಅದರ ಕೊನೆಯ ಹಂತ) ಆದ ಕೂಡಲೇ ಅದನ್ನು ಒಂದು ವೀಕ್ ರೆಫರೆನ್ಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ವೀಕ್ ರೆಫರೆನ್ಸ್ ಅಂದರೆ ನೋಡಬಹುದು, ಹಿಡಿದುಕೊಳ್ಳುವ ಹಾಗಿಲ್ಲ. ಕಲೆಕ್ಟರ್ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. 5 ಸೆಕೆಂಡ್ ಕಾಯುತ್ತದೆ. ಇನ್ನೂ ಆ್ಯಕ್ಟಿವಿಟಿ ಇದೆಯಾ? ಕಲೆಕ್ಟರನ್ನು ಒಮ್ಮೆ ಓಡಿಸುತ್ತದೆ. ಆಮೇಲೂ ಇದೆಯಾ? ಹಾಗಿದ್ದರೆ ಬೇರೆ ಯಾರೋ ಗಟ್ಟಿಯಾಗಿ ಹಿಡಿದಿದ್ದಾರೆ. ಆಗ ಹೀಪ್ ಡಂಪ್ ತೆಗೆದು, ಬೇರಿನಿಂದ ಆ ಆ್ಯಕ್ಟಿವಿಟಿ ತನಕದ ಅತಿ ಚಿಕ್ಕ ದಾರಿ ಹುಡುಕಿ, ಫೋನಿನ ನೋಟಿಫಿಕೇಶನ್‌ನಲ್ಲೇ ತೋರಿಸುತ್ತದೆ. ಡೆವಲಪರ್ ಸುಮ್ನೆ ಆ್ಯಪ್ ಬಳಸುತ್ತಾ ಹೋದರೆ ಸಾಕು.

ತಮ್ಮ ಆ್ಯಪ್‌ಗೆ ಇದನ್ನು ಹಾಕಿದಾಗ ಹಲವು ಲೀಕ್‌ಗಳು ಸಿಕ್ಕವು. ಅವನ್ನು ಸರಿಮಾಡಿದ ಮೇಲೆ ಔಟ್‌ಆಫ್‌ಮೆಮೊರಿ ಕ್ರ್ಯಾಶ್‌ಗಳು ಶೇ. 94ರಷ್ಟು ಇಳಿದವು ಎಂದು ಅವರೇ ಬರೆದಿದ್ದಾರೆ. ಬಿಟ್‌ಮ್ಯಾಪ್ ಕುಗ್ಗಿಸಿದ್ದಕ್ಕೆ ನಿಲ್ಲದಿದ್ದ ಕ್ರ್ಯಾಶ್ ಬಹುಪಾಲು ನಿಂತದ್ದು, ಬೇಡದ ರೆಫರೆನ್ಸ್‌ಗಳನ್ನು ಬಿಡಿಸಿದ್ದಕ್ಕೆ.

ದಾರಿಯ ತುದಿಯಲ್ಲಿದ್ದ ನಿರಪರಾಧಿ

ಸಿಕ್ಕ ಲೀಕ್‌ಗಳಲ್ಲಿ ಒಂದು ಮಾತ್ರ ವಿಚಿತ್ರವಾಗಿತ್ತು. ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇದೇ. ಲೀಕ್‌ಕ್ಯಾನರಿ ತೋರಿಸಿದ ದಾರಿ ಹೆಚ್ಚುಕಡಿಮೆ ಹೀಗಿತ್ತು:

ಬೇರು: ಪಿಕಾಸೊ ಲೈಬ್ರರಿಯ ಡಿಸ್ಪ್ಯಾಚರ್ ಥ್ರೆಡ್, ಅದರ ಒಂದು ಲೋಕಲ್ ವೇರಿಯೇಬಲ್
→ ಒಂದು ಮೆಸೇಜ್, ಅದರ ಆಬ್ಜ್ ಫೀಲ್ಡ್
→ ಡೈಲಾಗ್‌ನ (ಸ್ಕ್ರೀನ್ ಮೇಲೆ ಏಳುವ ಪುಟ್ಟ ಪೆಟ್ಟಿಗೆಯ) ಬಟನ್ ಒತ್ತಿದಾಗ ಓಡುವ ಲಿಸನರ್
→ ಆ್ಯಕ್ಟಿವಿಟಿ, ಯಾವಾಗಲೋ ಮುಗಿದದ್ದು

ಪಿಕಾಸೊ ಚಿತ್ರಗಳನ್ನು ಇಳಿಸಿ ತೋರಿಸುವ ಲೈಬ್ರರಿ, ಅದೂ ಸ್ಕ್ವೇರ್‌ನದ್ದೇ. ಚಿತ್ರ ಇಳಿಸುವ ಥ್ರೆಡ್‌ಗೂ ಡೈಲಾಗ್‌ನ ಓಕೆ ಬಟನ್ನಿಗೂ ಎಲ್ಲಿಂದೆಲ್ಲಿಯ ಸಂಬಂಧ? ಕೋಡ್ ತೆಗೆದು ನೋಡಿದರೆ ಪಿಕಾಸೊ ಯಾವ ಡೈಲಾಗ್ ಲಿಸನರನ್ನೂ ಮುಟ್ಟುವುದೇ ಇಲ್ಲ. ಮೇಲೆ ಹೆಸರು ಬಂದಿದೆ ಅಂತ ಪಿಕಾಸೊಗೆ ಬಗ್ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ರಿಕೋ ಹಾಗೆ ಮಾಡಲಿಲ್ಲ, ಮೆಸೇಜ್ ಅಲ್ಲಿಗೆ ಹೇಗೆ ಬಂತು ಅಂತ ಹಿಂಬಾಲಿಸಿದರು.

ಇದಕ್ಕೆ ಮೂರು ತುಣುಕು ಅರ್ಥ ಮಾಡಿಕೊಳ್ಳಬೇಕು. ಸ್ವಲ್ಪ ನಿಧಾನವಾಗಿ ಓದಿ.

ಪಿಕಾಸೊದ ಆ ಥ್ರೆಡ್ ಒಂದು ಹ್ಯಾಂಡ್ಲರ್‌ಥ್ರೆಡ್. ಅದರೊಳಗೆ ಲೂಪರ್ ಎಂಬ ಕೊನೆಯಿಲ್ಲದ ಲೂಪ್. ಪ್ರತಿ ಸುತ್ತಿನಲ್ಲೂ ಕ್ಯೂನಿಂದ ಮುಂದಿನ ಮೆಸೇಜ್ (ಮಾಡಬೇಕಾದ ಕೆಲಸದ ಚೀಟಿ) ಕೇಳುತ್ತದೆ, ಲೋಕಲ್ ವೇರಿಯೇಬಲ್‌ನಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತದೆ, ಮುಗಿದ ಮೇಲೆ ಮೆಸೇಜನ್ನು ಖಾಲಿ ಮಾಡಿ ಪೂಲ್‌ಗೆ (ಮರುಬಳಕೆಯ ರಾಶಿಗೆ) ವಾಪಸ್ ಹಾಕುತ್ತದೆ. ಪೂಲ್ ಇಡೀ ಆ್ಯಪ್‌ಗೆ ಒಂದೇ. ಕ್ಯೂನಲ್ಲಿ ಏನೂ ಇಲ್ಲದಿದ್ದರೆ ಥ್ರೆಡ್ ಅಲ್ಲೇ ಮಲಗುತ್ತದೆ. ಕೋಡ್ ಓದಿದರೆ ಹಿಂದಿನ ಸುತ್ತಿನ ವೇರಿಯೇಬಲ್ ಅಷ್ಟೊತ್ತಿಗೆ ಮುಗಿದ ಕಥೆ. ಆದರೆ ಹಳೆಯ ಆ್ಯಂಡ್ರಾಯ್ಡ್‌ನ ಡಾಲ್ವಿಕ್ ಯಂತ್ರದಲ್ಲಿ ಆ ವೇರಿಯೇಬಲ್ ಇದ್ದ ಜಾಗ ಅಳಿಸಿಹೋಗುತ್ತಿರಲಿಲ್ಲ. ಹೊಸ ಮೆಸೇಜ್ ಬಂದು ಆ ಜಾಗದಲ್ಲಿ ಕೂರುವ ತನಕ ಹಳೆಯ ಮೆಸೇಜ್‌ನ ರೆಫರೆನ್ಸ್ ಹಾಗೇ ಇರುತ್ತಿತ್ತು. ಒಂದು ಕ್ಯೂ, ಒಂದು ಥ್ರೆಡ್ ಇಟ್ಟುಕೊಂಡು ಸಣ್ಣ ಪ್ರಯೋಗ ಮಾಡಿ ರಿಕೋ ಇದನ್ನು ಖಚಿತ ಮಾಡಿಕೊಂಡರು. ಮಾಮೂಲಿ ಜಾವಾ ಯಂತ್ರದಲ್ಲಿ ಲೀಕ್ ಇಲ್ಲ, ಡಾಲ್ವಿಕ್ ಬದಲಿಗೆ ಬಂದ ಹೊಸ ಯಂತ್ರ ಎಆರ್‌ಟಿಯಲ್ಲೂ ಇಲ್ಲ, ಡಾಲ್ವಿಕ್‌ನಲ್ಲಿ ಇದೆ.

ಇಷ್ಟೇ ಆಗಿದ್ದರೆ ನಷ್ಟ ಇಲ್ಲ. ಖಾಲಿ ಮಾಡಿದ ಮೆಸೇಜ್ ಹಿಡಿದುಕೊಂಡು ಮಲಗಿದರೆ ಮಲಗಲಿ. ಆದರೆ ಆ ಮೆಸೇಜ್ ಈಗ ಪೂಲ್‌ನಲ್ಲಿದೆ, ಬೇರೆಯವರು ಎತ್ತಿಕೊಳ್ಳಬಹುದು. ಅಲರ್ಟ್‌ಡೈಲಾಗ್ ಎತ್ತಿಕೊಳ್ಳುತ್ತದೆ. ಬಟನ್ನಿಗೆ ಲಿಸನರ್ ಕೊಟ್ಟಾಗ ಅದು ಪೂಲ್‌ನಿಂದ ಒಂದು ಮೆಸೇಜ್ ಪಡೆದು ಅದರ ಆಬ್ಜ್ ಫೀಲ್ಡ್‌ನಲ್ಲಿ ಲಿಸನರ್ ಇಡುತ್ತದೆ.

ಮೂರನೆಯ ತುಣುಕು ಎಲ್ಲಕ್ಕಿಂತ ಸೂಕ್ಷ್ಮ. ಬಟನ್ ಒತ್ತಿದಾಗ ಅಲರ್ಟ್‌ಡೈಲಾಗ್ ಆ ಮೆಸೇಜನ್ನೇ ಕಳಿಸುವುದಿಲ್ಲ. ಅದರ ನಕಲು ಮಾಡಿ ನಕಲನ್ನು ಕಳಿಸುತ್ತದೆ. ನಕಲು ಕೆಲಸ ಮುಗಿಸಿ ಖಾಲಿಯಾಗಿ ಪೂಲ್‌ಗೆ ಹೋಗುತ್ತದೆ. ಅಸಲು ಎಂದೂ ಕ್ಯೂಗೆ ಹೋಗುವುದಿಲ್ಲ, ಹಾಗಾಗಿ ಎಂದೂ ಖಾಲಿಯೂ ಆಗುವುದಿಲ್ಲ. ಡೈಲಾಗ್ ಕಸವಾದರೆ ಅದೂ ಕಸವಾಗುತ್ತದೆ ಎಂಬ ನಂಬಿಕೆಯಲ್ಲಿ ಬರೆದ ಕೋಡ್ ಅದು. ನಂಬಿಕೆ ತಪ್ಪೇನಲ್ಲ. ಆದರೆ ಅಲ್ಲೊಬ್ಬ ಮಲಗಿರುವವನ ಕೈಯಲ್ಲಿ ಅದೇ ಮೆಸೇಜ್‌ನ ಹಳೆಯ ರೆಫರೆನ್ಸ್ ಇದೆಯಲ್ಲ!

ಈಗ ಜೋಡಿಸಿ. ಪಿಕಾಸೊ ಥ್ರೆಡ್ ಒಂದು ಮೆಸೇಜ್ ಮುಗಿಸಿ ಮಲಗಿತು. ಅದೇ ಮೆಸೇಜ್ ಪೂಲ್ ಮೂಲಕ ಡೈಲಾಗ್‌ನ ಕೈಸೇರಿತು. ಡೈಲಾಗ್ ಅದರಲ್ಲಿ ಲಿಸನರ್ ಇಟ್ಟಿತು. ಲಿಸನರ್ ಆ್ಯಕ್ಟಿವಿಟಿಯ ಒಳಗೆ ಬರೆದ ಕ್ಲಾಸ್, ಹಾಗಾಗಿ ಆ್ಯಕ್ಟಿವಿಟಿಯನ್ನು ಹಿಡಿದಿದೆ. ಸ್ಕ್ರೀನ್ ಮುಚ್ಚಿತು. ಹೊಸ ಚಿತ್ರ ಇಳಿಸುವ ಕೆಲಸ ಬಂದು ಪಿಕಾಸೊ ಏಳುವ ತನಕ ಆ್ಯಕ್ಟಿವಿಟಿ ಹೀಪ್ ಬಿಟ್ಟು ಕದಲುವುದಿಲ್ಲ. ಪಿಕಾಸೊದ್ದು ತಪ್ಪಿಲ್ಲ, ಡೈಲಾಗ್‌ನದ್ದು ತಪ್ಪಿಲ್ಲ, ಆ್ಯಪ್ ಬರೆದವರದ್ದೂ ಇಲ್ಲ. ಪ್ರತಿಯೊಬ್ಬರ ಕೋಡೂ ತನ್ನ ಮಟ್ಟಿಗೆ ಸರಿ. ಲೀಕ್ ಹುಟ್ಟಿದ್ದು ಮೂವರ ನಡುವಿನ ಸಂದಿಯಲ್ಲಿ.

ಪರಿಹಾರ ಎರಡು ಬಗೆ. ಒಂದು, ಲಿಸನರನ್ನು ನೇರ ಕೊಡದೆ ಒಂದು ಹೊದಿಕೆಯೊಳಗೆ ಇಟ್ಟು ಕೊಡುವುದು. ಡೈಲಾಗ್‌ನ ಕಿಟಕಿ ಮುಚ್ಚಿದ ಕೂಡಲೇ ಹೊದಿಕೆ ಒಳಗಿನ ಲಿಸನರನ್ನು ಕೈಬಿಡುತ್ತದೆ. ಮೆಸೇಜ್ ಉಳಿದರೂ ಖಾಲಿ ಹೊದಿಕೆ ಮಾತ್ರ ಉಳಿಯುತ್ತದೆ. ಇನ್ನೊಂದು, ಮಲಗಿದ ಥ್ರೆಡ್‌ಗೆ ಸೆಕೆಂಡಿಗೊಮ್ಮೆ ಏನೂ ಇಲ್ಲದ ಮೆಸೇಜ್ ಕಳಿಸಿ ತಿವಿಯುವುದು. ಹೊಸದು ಬಂದರೆ ಹಳೆಯ ರೆಫರೆನ್ಸ್ ಹೋಗುತ್ತದೆ. ಎರಡನೆಯದು ನೋಡಲು ಚೆಂದವಿಲ್ಲ, ಆದರೆ ನಿಮ್ಮದಲ್ಲದ ಲೈಬ್ರರಿಗಳ ಥ್ರೆಡ್‌ಗಳಿಗೆ ಬೇರೆ ದಾರಿಯೂ ಇಲ್ಲ. 2014ರ ಆ್ಯಂಡ್ರಾಯ್ಡ್ 5.0ರಿಂದ ಡಾಲ್ವಿಕ್ ಜಾಗಕ್ಕೆ ಎಆರ್‌ಟಿ ಬಂದಿತ್ತು ನಿಜ. ಆದರೆ ಜನರ ಕೈಯಲ್ಲಿ ಹಳೆಯ ಫೋನ್‌ಗಳು ಇದ್ದವಲ್ವಾ, ಅಂಗಡಿಯವರ ಕೈಯಲ್ಲಂತೂ.

ಹೀಗೆ ನಮ್ಮದಲ್ಲದ ಲೀಕ್‌ಗಳು ಎಷ್ಟಿದ್ದವೆಂದರೆ ಲೀಕ್‌ಕ್ಯಾನರಿಯ ಜೊತೆಗೇ ಅವುಗಳ ಒಂದು ಪಟ್ಟಿ ಬರುತ್ತದೆ. ಕೀಬೋರ್ಡ್ ನೋಡಿಕೊಳ್ಳುವ ಇನ್‌ಪುಟ್‌ಮೆಥಡ್‌ಮ್ಯಾನೇಜರ್ ಮುಚ್ಚಿದ ಸ್ಕ್ರೀನಿನ ವ್ಯೂ ಹಿಡಿದುಕೊಳ್ಳುವುದು, ಕೆಲವು ಸ್ಯಾಮ್‌ಸಂಗ್ ಫೋನ್‌ಗಳ ಕ್ಲಿಪ್‌ಬೋರ್ಡ್ ಆ್ಯಕ್ಟಿವಿಟಿ ಹಿಡಿದುಕೊಳ್ಳುವುದು, ಎಲ್ಲ ಅದರಲ್ಲಿವೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಇಂಥ ದಾರಿ ನೋಡಿ ವಾರಗಟ್ಟಲೆ ತಮ್ಮ ಕೋಡ್ ಕೆದಕುವುದುಂಟು. ಮೊದಲು ಪಟ್ಟಿ ನೋಡಿ.

ನಿಮ್ಮ ಆ್ಯಪ್‌ನಲ್ಲಿ ನೋಡಬೇಕೆಂದರೆ

ಅನುಮಾನ ಇದ್ದರೆ ನಾನು ಮೊದಲು ಮಾಡುವುದು ಒಂದೇ ಕಮಾಂಡ್: ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಕಮಾಂಡ್ ಕೊಡುವ ಸಾಧನ) ಶೆಲ್‌ನಲ್ಲಿ ಡಂಪ್‌ಸಿಸ್ ಮೆಮ್‌ಇನ್ಫೋ, ಮುಂದೆ ಆ್ಯಪ್‌ನ ಪ್ಯಾಕೇಜ್ ಹೆಸರು. ಮೇಲೆ ಬರುವ ಕೆಬಿ ಲೆಕ್ಕಗಳಿಗೆ ಆಗಲೇ ಗಾಬರಿಯಾಗಬೇಡಿ. ಕೆಳಗೆ ಆಬ್ಜೆಕ್ಟ್ಸ್ ಎಂಬ ಭಾಗ ಇದೆ, ಅಲ್ಲಿ ವ್ಯೂಸ್, ಆ್ಯಕ್ಟಿವಿಟೀಸ್ ಅಂತ ಎಣಿಕೆ ಇರುತ್ತದೆ. ಅನುಮಾನದ ಸ್ಕ್ರೀನನ್ನು ಹತ್ತು ಸಲ ತೆರೆದು ಮುಚ್ಚಿ, ಮೊದಲ ಸ್ಕ್ರೀನಿಗೆ ಬನ್ನಿ, ಆ್ಯಂಡ್ರಾಯ್ಡ್ ಸ್ಟುಡಿಯೋದ ಪ್ರೊಫೈಲರ್‌ನಲ್ಲಿ ಕಸದ ಬುಟ್ಟಿ ಒತ್ತಿ ಕಲೆಕ್ಟರ್ ಓಡಿಸಿ, ಆಮೇಲೆ ಕಮಾಂಡ್ ಕೊಡಿ. ಆ್ಯಕ್ಟಿವಿಟೀಸ್ ಒಂದು ಅಂತ ಇದ್ದರೆ ನಿರಾಳ. ಹನ್ನೊಂದು ಅಂತ ಬಂದರೆ ಮುಚ್ಚಿದ್ದೆಲ್ಲ ಕೂತಿವೆ. ಬ್ಯಾಕ್ ಒತ್ತಿ ಆ್ಯಪ್‌ನಿಂದಲೇ ಹೊರಗೆ ಬಂದು ಸೊನ್ನೆಗೆ ಕಾಯುವ ಹಳೆಯ ಅಭ್ಯಾಸ ಬಿಡಿ. ಆ್ಯಂಡ್ರಾಯ್ಡ್ 12ರಿಂದ ಮೊದಲ ಸ್ಕ್ರೀನಿನಲ್ಲಿ ಬ್ಯಾಕ್ ಒತ್ತಿದರೆ ಆ್ಯಕ್ಟಿವಿಟಿ ಮುಗಿಯುವುದಿಲ್ಲ, ಹಿಂದಕ್ಕೆ ಸರಿಯುತ್ತದೆ ಅಷ್ಟೇ.

ಪ್ರೊಫೈಲರ್‌ನಲ್ಲಿ ಮೆಮೊರಿಯ ಗ್ರಾಫ್ ಏರಿದ್ದೆಲ್ಲ ಲೀಕ್ ಅಲ್ಲ. ಪಿಕಾಸೊವನ್ನೇ ತಗೊಳ್ಳಿ, ಆ್ಯಪ್‌ಗೆ ಸಿಗುವ ಮೆಮೊರಿಯ ಸುಮಾರು ಶೇ. 15ರಷ್ಟನ್ನು ಚಿತ್ರಗಳ ಕ್ಯಾಶ್‌ಗೆ (ಮತ್ತೆ ಬೇಕಾದಾಗ ಬೇಗ ಸಿಗಲೆಂದು ಇಡುವ ದಾಸ್ತಾನಿಗೆ) ಬಳಸುತ್ತದೆ. ಅದು ತುಂಬುವ ತನಕ ಗ್ರಾಫ್ ಏರುತ್ತದೆ, ತುಂಬಿದ ಮೇಲೆ ನಿಲ್ಲುತ್ತದೆ. ಕಲೆಕ್ಟರ್ ಓಡಿದ ಮೇಲಿನ ಕನಿಷ್ಠ ಮಟ್ಟ ನೋಡಬೇಕು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಆ ಕನಿಷ್ಠವೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದರೆ ಆಗ ಹೀಪ್ ಡಂಪ್ ತೆಗೆಯಿರಿ.

ಸ್ಕ್ವೇರ್‌ನ ಕಾಲಕ್ಕೂ ಈಗಿನ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಆ್ಯಂಡ್ರಾಯ್ಡ್ 8.0ರಿಂದ ಬಿಟ್‌ಮ್ಯಾಪ್‌ನ ಪಿಕ್ಸೆಲ್‌ಗಳು ಜಾವಾ ಹೀಪ್ ಬಿಟ್ಟು ನೇಟಿವ್ ಹೀಪ್‌ಗೆ (ಜಾವಾ ಹೀಪ್‌ನ ಮಿತಿಗೆ ಸೇರದ ಮೆಮೊರಿಗೆ) ಹೋದವು. ಆ್ಯಕ್ಟಿವಿಟಿ ಲೀಕ್ ಆಗಿ ಅದರ ಚಿತ್ರಗಳೆಲ್ಲ ಉಳಿದರೂ ಜಾವಾ ಹೀಪ್‌ನ ಗ್ರಾಫ್ ಸಮತಟ್ಟಾಗಿ ಕಾಣಬಹುದು. ಏರುವುದು ನೇಟಿವ್‌ನ ಸಾಲು. ಹಿಡಿದಿರುವ ದಾರಿ ಮಾತ್ರ ಈಗಲೂ ಜಾವಾ ಕಡೆಯೇ ಸಿಗುತ್ತದೆ, ಯಾಕೆಂದರೆ ಬಿಟ್‌ಮ್ಯಾಪ್ ಆಬ್ಜೆಕ್ಟ್ ಇರುವುದು ಅಲ್ಲೇ.

ಇದರಿಂದ ಲಕ್ಷಣವೂ ಬದಲಾಗಿದೆ. ಜಾವಾ ಹೀಪ್‌ನ ಮಿತಿ ಮುಟ್ಟಿ ಔಟ್‌ಆಫ್‌ಮೆಮೊರಿಎರರ್ ಬರುವ ಬದಲು, ಫೋನಿನ ಒಟ್ಟು ಮೆಮೊರಿಯೇ ಸಾಲದಾದಾಗ ಸಿಸ್ಟಮ್ ಆ್ಯಪನ್ನು ಸದ್ದಿಲ್ಲದೆ ಮುಗಿಸಿಬಿಡಬಹುದು. ಆಗ ಕ್ರ್ಯಾಶ್ ರಿಪೋರ್ಟೇ ಬರುವುದಿಲ್ಲ. ಬರುವುದು ಬಳಕೆದಾರರ ದೂರು: ಬೇರೆ ಆ್ಯಪ್‌ಗೆ ಹೋಗಿ ವಾಪಸ್ ಬಂದರೆ ತುಂಬಿದ ಫಾರಂ ಎಲ್ಲ ಖಾಲಿ ಅಂತ. ಆ್ಯಂಡ್ರಾಯ್ಡ್ 11ರಿಂದ ಇದಕ್ಕೊಂದು ದಾರಿ ಇದೆ. ಆ್ಯಪ್ ಮತ್ತೆ ಶುರುವಾದಾಗ, ಹಿಂದಿನ ಸಲ ನಾನು ಯಾಕೆ ಸತ್ತೆ ಅಂತ ಅಪ್ಲಿಕೇಶನ್‌ಎಕ್ಸಿಟ್‌ಇನ್ಫೋ ಮೂಲಕ ಸಿಸ್ಟಮನ್ನೇ ಕೇಳಬಹುದು. ಉತ್ತರಗಳಲ್ಲಿ ಲೋ ಮೆಮೊರಿ ಎಂಬುದೂ ಒಂದು, ಆದರೆ ಎಲ್ಲ ಫೋನ್‌ಗಳೂ ಆ ಕಾರಣವನ್ನು ತಿಳಿಸುವುದಿಲ್ಲ. ತಿಳಿಸುವ ಫೋನ್‌ಗಳಿಂದಾದರೂ ಆ ಎಣಿಕೆಯನ್ನು ನಿಮ್ಮ ಸರ್ವರಿಗೆ ಕಳಿಸಿ, ಆ್ಯಪ್‌ನ ಆವೃತ್ತಿವಾರು ಇಟ್ಟು ನೋಡಿ. ಯಾವ ಆವೃತ್ತಿಯಿಂದ ಏರಿತೋ ಆ ಆವೃತ್ತಿಗೆ ಸೇರಿದ ಬದಲಾವಣೆಗಳಿಂದ ಹುಡುಕಲು ಶುರು ಮಾಡಿ.